ಹರಿಗೋಲಿನವನ ಮುಖ

ಹೊಳೆಯ ದಂಡೆಯ ಮೇಲೆ ಶರಭಯ್ಯ ಎಂಬ ಗುರುವಿನ ಆಶ್ರಮವಿತ್ತು. ಅಲ್ಲಿಗೆ ಬಂದವರಿಗೆ ಅವರು ಮೊದಲು ಕಲಿಸುತ್ತಿದ್ದದ್ದು ಉಣ್ಣೆಯ ಕೆಲಸ.

ಮಗ್ಗವಿಲ್ಲ, ನೂಲಿಲ್ಲ. ಹಿಂಜಿದ ಉಣ್ಣೆಯನ್ನು ಚಾಪೆಯ ಮೇಲೆ ಪದರ ಪದರವಾಗಿ ಹಾಸಬೇಕು. ಅದರ ಮೇಲೆ ಬಣ್ಣದ ಉಣ್ಣೆಯ ಎಳೆಗಳನ್ನಿಟ್ಟು ಚಿತ್ರ ಮೂಡಿಸಬೇಕು. ಅಂಟುವಾಳದ ನೊರೆ ಬೆರೆತ ಬಿಸಿನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ, ಮೊಣಕೈಯಿಂದ ಒತ್ತಿ ಒತ್ತಿ ಉರುಳಿಸಬೇಕು. ಎಳೆಗಳು ಒಂದನ್ನೊಂದು ಹಿಡಿದುಕೊಂಡು ಗಟ್ಟಿ ಹಾಸಾಗುತ್ತವೆ. ಆಮೇಲೆ ಬಿಡಿಸಲು ಬರುವುದಿಲ್ಲ.

ಶಿಷ್ಯರಲ್ಲಿ ಕೊಟ್ರೇಶನ ಕೈ ಚುರುಕು.

ಒಮ್ಮೆ ಊರಿನ ಹಂಪಮ್ಮ ಬಂದಳು. ಅವಳ ಗಂಡ ಹುಲಿಗೆಪ್ಪ ಜೀವಮಾನವಿಡೀ ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸಿದವನು. ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದ.

“ಅವರದೊಂದು ಫೋಟೋ ಕೂಡ ಇಲ್ಲ ಅಜ್ಜನವರೇ,” ಎಂದಳು. “ನೀವು ಅವರನ್ನು ಕಂಡವರು. ಉಣ್ಣೆಯಲ್ಲಿ ಮಾಡಿಕೊಡಿ.”

ಗುರು ಬಹಳ ಹೊತ್ತು ಕೂತು ಆ ಮುಖ ಮೂಡಿಸಿದರು. ಕೂದಲೆಳೆಯಷ್ಟು ಉಣ್ಣೆ ತೆಗೆದು ಹುಬ್ಬು, ಇನ್ನೊಂದೆಳೆಯಿಂದ ನಗು. ಕೈ ನಡುಗುತ್ತಿತ್ತು. ನಡುಕ ನಿಲ್ಲುವವರೆಗೆ ಕಾದು ಒಂದೆಳೆ ಇಡುತ್ತಿದ್ದರು. ಮತ್ತೆ ಕಾಯುತ್ತಿದ್ದರು.

ಮುಗಿದಾಗ ಕೊಟ್ರೇಶನನ್ನು ಕರೆದು ಹೇಳಿದರು: “ಬಿಸಿನೀರನ್ನು ಬೆರಳಿನಿಂದ ಚಿಮುಕಿಸು. ಸುರಿಯಬೇಡ.”

ಅಂದು ಸಂಜೆ ಪಕ್ಕದೂರಿನಲ್ಲಿ ಬಯಲಾಟವಿತ್ತು. ಜೊತೆಯವರು ಆಗಲೇ ಹೊರಟಿದ್ದರು. ಕೊಟ್ರೇಶ ಚೊಂಬನ್ನೇ ಬಗ್ಗಿಸಿಬಿಟ್ಟ.

ಎಳೆಗಳು ಜರುಗಿದವು. ಹುಲಿಗೆಪ್ಪನ ಬಾಯಿ ಒಂದು ಕಡೆಗೆ ಸರಿಯಿತು.

ಅವನು ಅದನ್ನು ನೋಡಿದ. ನೋಡಿ, ಚಾಪೆ ಸುತ್ತಿ ಉರುಳಿಸಿದ.

ಹಂಪಮ್ಮ ಬಂದು ಹಾಸನ್ನು ಬಿಚ್ಚಿ ನೋಡಿದಳು. ಗಂಡ ಯಾರನ್ನೋ ಅಣಕಿಸುತ್ತಿರುವ ಹಾಗಿತ್ತು.

“ನಮ್ಮ ಯಜಮಾನರು ಹೀಗಿರಲಿಲ್ಲ,” ಎಂದು ಕೊಟ್ರೇಶನ ಕಡೆ ನೋಡಿದಳು.

“ಗುರುಗಳ ಕೈ ಈಗ ನಡುಗುತ್ತಲ್ಲಮ್ಮಾ,” ಎಂದ ಕೊಟ್ರೇಶ.

ಗುರು ಬಾಗಿಲ ಒಳಗೇ ಕೂತು ಉಣ್ಣೆಯಲ್ಲಿದ್ದ ಮುಳ್ಳು ಆರಿಸುತ್ತಿದ್ದರು. ಹಂಪಮ್ಮ ಅವರತ್ತ ತಿರುಗಿದಳು.

“ಹೌದಾ ಅಜ್ಜನವರೇ?”

ಗುರು ತಮ್ಮ ಕೈಗಳನ್ನು ನೋಡಿಕೊಂಡರು.

“ನಡುಗುತ್ತೆ ತಾಯಿ,” ಎಂದರು.

ಮಾತು ಊರೆಲ್ಲ ಹರಡಿತು. ಉಣ್ಣೆ ತಂದವರು ಅದನ್ನು ಕೊಟ್ರೇಶನ ಮುಂದೆ ಇಡತೊಡಗಿದರು. “ಅಜ್ಜನವರೇ, ಇನ್ನು ನೀವು ಆರಾಮಾಗಿರಿ,” ಎಂದು ಗುರುವಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು. ಗುರು ಮೂಲೆಯಲ್ಲಿ ಕೂತು ಮುಳ್ಳು ಆರಿಸಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಕೊಟ್ರೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನಿಗೆ ಊಟ ಸೇರದಾಯಿತು. ಗುರುವಿನ ಎದುರು ತಲೆ ಎತ್ತಲಾಗಲಿಲ್ಲ. ಒಂದು ಬೆಳಿಗ್ಗೆ ಅವರ ಕಾಲು ಹಿಡಿದುಕೊಂಡ.

“ನೀರು ಸುರಿದು ಮುಖ ಕೆಡಿಸಿದವನು ನಾನು. ನಿಮ್ಮ ಮೇಲೆ ಹಾಕಿದೆ.”

“ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಾದರೂ ಇದೆಯಾ?”

“ಇಲ್ಲ.”

“ಹಾಗಾದರೆ ಗೊತ್ತಿಲ್ಲದವರಿಗೆ ಹೇಳು.”

ಕೊಟ್ರೇಶ ಹಂಪಮ್ಮನ ಮನೆಗೆ ಹೋದ. ಅಂದು ಅವಳ ಮನೆಯಲ್ಲಿ ಭಜನೆ. ಜನ ತುಂಬಿದ್ದರು. ಅವನು ಎಲ್ಲರ ನಡುವೆ ಅವಳ ಮುಂದೆ ಮಂಡಿಯೂರಿ ಕೈ ಮುಗಿದ. ಕಣ್ಣಲ್ಲಿ ನೀರು ಸುರಿಯಿತು.

“ಅಮ್ಮಾ, ಗುರುಗಳದ್ದೇನೂ ತಪ್ಪಿಲ್ಲ. ತಪ್ಪೆಲ್ಲ ನನ್ನದು. ನಾನು ಪಾಪಿ.”

ಹಂಪಮ್ಮ ಅವನನ್ನು ಹಿಡಿದೆಬ್ಬಿಸಿದಳು.

“ನೋಡಿ,” ಎಂದಳು ಎಲ್ಲರಿಗೂ. “ಗುರುಗಳ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳಲು ಬಂದಿದ್ದಾನೆ. ಶಿಷ್ಯ ಅಂದರೆ ಇವನು.”

ಹಿರಿಯರು ಅವನ ಬೆನ್ನು ತಟ್ಟಿದರು. ಎಲೆ ಹಾಕಿ ಕೂರಿಸಿದರು.

ಅವನು ಆಶ್ರಮಕ್ಕೆ ಬಂದಾಗ ಗುರು ಕೇಳಿದರು: “ಏನಂದರು?”

“ನಂಬಲಿಲ್ಲ. ಹೊಗಳಿದರು. ಗೋಧಿ ಹುಗ್ಗಿ ಬಡಿಸಿದರು.”

“ಉಂಡೆಯಾ?”

“ಉಂಡೆ.”

“ಚೆನ್ನಾಗಿತ್ತಾ?”

ಕೊಟ್ರೇಶ ನೆಲ ನೋಡಿದ. ಅವನ ಕಿವಿ ಕೆಂಪಾಗಿತ್ತು.

“ನಿಜ ಹೇಳುವಾಗ ಹೇಗೆ ಹೇಳಿದೆ?” ಎಂದರು ಗುರು.

“ಮಂಡಿಯೂರಿ, ಕೈ ಮುಗಿದು, ಅತ್ತು.”

“ಸುಳ್ಳು ಹೇಳಿದಾಗ?”

ಕೊಟ್ರೇಶ ತಡವರಿಸಿದ. “ಸುಮ್ಮನೆ ನಿಂತು. ಒಂದೇ ಮಾತಿನಲ್ಲಿ.”

“ಅದನ್ನು ನಂಬಿದರಲ್ಲ,” ಎಂದರು ಗುರು. ಮತ್ತೆ ಮುಳ್ಳು ಆರಿಸತೊಡಗಿದರು.

ಮರುದಿನ ಕೊಟ್ರೇಶ ಹೋದಾಗ ಹಂಪಮ್ಮ ಕಟ್ಟೆಯ ಮೇಲೆ ಒಬ್ಬಳೇ ಕೂತು ಜೋಳ ಕೇರುತ್ತಿದ್ದಳು. ಅವನು ಅಂಗಳದಲ್ಲಿ ನಿಂತ.

“ಅಂದು ಪಕ್ಕದೂರಲ್ಲಿ ಬಯಲಾಟ ಇತ್ತಮ್ಮಾ. ಹೋಗುವ ಅವಸರ. ಬೆರಳಿನಿಂದ ನೀರು ಚಿಮುಕಿಸು ಅಂದಿದ್ದರು ಗುರುಗಳು. ನಾನು ಚೊಂಬು ಬಗ್ಗಿಸಿದೆ. ಬಾಯಿ ಸರಿದು ಹೋಯಿತು.”

ಮೊರ ನಿಂತಿತು.

“ಕಂಡಿತಾ ನಿನಗೆ?”

“ಕಂಡಿತು.”

“ಆಗ ಸರಿ ಮಾಡಲು ಬರುತ್ತಿತ್ತಾ?”

“ಬರುತ್ತಿತ್ತು. ಎಳೆ ಇನ್ನೂ ಹಿಡಿದಿರಲಿಲ್ಲ. ಗುರುಗಳನ್ನು ಕರೆದಿದ್ದರೆ ಮತ್ತೆ ಇಡುತ್ತಿದ್ದರು.”

“ಕಂಡೂ ಸುತ್ತಿದೆ.”

“ಹೂಂ.”

ಹಂಪಮ್ಮ ಮೊರವನ್ನು ಕೆಳಗಿಟ್ಟಳು. ಹೊಳೆಯ ಕಡೆ ನೋಡಿದಳು.

“ಆ ಹಾಸನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದೀನಿ,” ಎಂದಳು. “ಈಗ ಕಣ್ಣು ಮುಚ್ಚಿದರೂ ಆ ಸೊಟ್ಟ ಬಾಯೇ ಬರುತ್ತೆ. ನಮ್ಮ ಯಜಮಾನರ ನಗು ನನಗೆ ಮರೆತುಹೋಗಿದೆ.”

ಕೊಟ್ರೇಶನಿಗೆ ಇದು ಗೊತ್ತಿರಲಿಲ್ಲ. ಇಷ್ಟು ದಿನ ಅವನು ಗುರುವಿಗಾಗಿ ನೊಂದಿದ್ದ, ತನಗಾಗಿ ನೊಂದಿದ್ದ. ಈ ಹೆಂಗಸಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅಳು ಬರಲಿಲ್ಲ.

“ಹೋಗು ತಮ್ಮಾ,” ಎಂದಳು ಅವಳು. “ಈಗ ನಿನ್ನನ್ನು ನೋಡಲು ನನಗಾಗುವುದಿಲ್ಲ.”

ಅಂದು ಸಂಜೆಯೇ ಅವಳು ಉಣ್ಣೆಯ ಗಂಟು ಹೊತ್ತು ಆಶ್ರಮಕ್ಕೆ ಬಂದಳು. ಗುರುವಿನ ಮುಂದೆ ಅದನ್ನಿಟ್ಟು ಸೆರಗು ಒಡ್ಡಿದಳು.

“ನಿಮ್ಮನ್ನು ಮೂಲೆಗೆ ಕೂರಿಸಿದವರಲ್ಲಿ ನಾನೇ ಮೊದಲನೆಯವಳು. ಕ್ಷಮಿಸಿ. ಇನ್ನೊಂದು ಸಲ ಮಾಡಿಕೊಡುತ್ತೀರಾ? ಅವರ ನಗು ನಿಮಗೆ ನೆನಪಿದೆಯಾ?”

“ಇದೆ ತಾಯಿ,” ಎಂದರು ಗುರು. “ಚಿಲ್ಲರೆ ಇಲ್ಲ ಅಂದವರನ್ನೂ ನಗುತ್ತಲೇ ಆಚೆ ದಡಕ್ಕೆ ಬಿಡುತ್ತಿದ್ದ.”

ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯ ಹತ್ತಿರ ನಿಂತಿದ್ದ ಕೊಟ್ರೇಶನ ಕಡೆ ನೋಡದೆ ಹೊರಟುಹೋದಳು.

ಅವಳು ಕಣ್ಮರೆಯಾದ ಮೇಲೆ ಕೊಟ್ರೇಶ ಗುರುವಿನ ಹತ್ತಿರ ಬಂದು ಕೂತ.

“ನಂಬಿದರು,” ಎಂದ.

“ಕಂಡೆ.”

“ಹೇಳಿದರೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಮೊದಲಿಗಿಂತ ಹೆಚ್ಚು ನಾಚಿಕೆಯಾಗುತ್ತಿದೆ ಗುರುಗಳೇ. ಇದು ಯಾವಾಗ ಹೋಗುತ್ತದೆ?”

ಗುರು ಉಣ್ಣೆಯ ಗಂಟು ಬಿಚ್ಚಿದರು. ಮುಳ್ಳು ಆರಿಸಲು ಅರ್ಧ ಅವನ ಮುಂದೆ ಸರಿಸಿದರು.

“ಆ ನಾಚಿಕೆ ಇವತ್ತು ತಾನೇ ಬಂದಿದೆ,” ಎಂದರು. “ಸ್ವಲ್ಪ ಹೊತ್ತು ಕೂತಿರಲಿ ಬಿಡು.”