ಒಣಗದ ಬಾಗಿಲು

ಹೊಳೆಯ ದಡದ ಆ ಆಶ್ರಮಕ್ಕೆ ಪಂಪಣ್ಣ ಬಂದದ್ದು ಕಾರಿನಲ್ಲಿ. ಲೋಕವನ್ನೇ ಬಿಟ್ಟೆನೆಂದವನು ಕಾರನ್ನು ಬಿಟ್ಟು ಬಂದಿರಲಿಲ್ಲ.

ಮೂರು ತಿಂಗಳು ನೀರು ಹೊತ್ತ. ಅಂಗಳ ಗುಡಿಸಿದ. ಬರುವ ಹುಣ್ಣಿಮೆಗೆ ದೀಕ್ಷೆ ಎಂದು ಗುರು ಅಡವಯ್ಯನವರು ಹೇಳಿದರು. ಹುಣ್ಣಿಮೆಗೆ ಹತ್ತು ದಿನವಿರಲು ಅವನು ಕೈಮುಗಿದು ನಿಂತ.

“ಗುರುಗಳೇ, ಈ ಕಾರನ್ನು ಆಶ್ರಮಕ್ಕೆ ಒಪ್ಪಿಸುತ್ತೇನೆ.”

“ಯಾರದು?”

“ತಂದೆಯವರದು. ಅವರು ತೀರಿಹೋಗಿ ಎರಡು ವರ್ಷವಾಯಿತು.”

“ಈಗ ಯಾರದು?”

ಪಂಪಣ್ಣ ತಡೆದು ಹೇಳಿದ. “ನನ್ನದು. ಅಕ್ಕನದೂ.”

ಗುರು ಕಾರಿನ ಸುತ್ತ ಒಮ್ಮೆ ನಡೆದರು. ಅದರ ಎಲೆಹಸಿರು ಬಣ್ಣ ಬಿಸಿಲಿಗೆ ಮಾಸಿತ್ತು.

“ಮೊದಲು ಬಣ್ಣ ಬಳಿ,” ಎಂದರು.

ಹುಣಸೆಯ ನೆರಳಿನಲ್ಲಿ ಒಂದು ವಾರ ಅವನು ಕಾರನ್ನು ಉಜ್ಜಿದ, ಒರೆಸಿದ, ಬಳಿದ. ಹಸಿರು ಹೋಯಿತು, ಬಿಳುಪು ಬಂತು. ಅಡುಗೆಯ ತಿಪ್ಪಮ್ಮ ಒಲೆ ಬಿಟ್ಟು ಬಂದು ನೋಡಿದಳು.

“ಸ್ವಾಮಿಯಾಗುವ ಮೊದಲೇ ಕಾರಿಗೆ ವಿಭೂತಿ ಬಳಿದೆಯಲ್ಲೋ!”

ಗುರು ನಗಲಿಲ್ಲ. ಕಾರಿನ ಬಾಗಿಲನ್ನು ತೆರೆದರು. ಬಾಗಿಲು ಕೂರುವ ಚೌಕಟ್ಟು ಹಸಿರಾಗಿಯೇ ಇತ್ತು. ಕಿಟಕಿಯ ಅಂಚೂ ಹಸಿರು.

“ಇದು?”

“ಮುಚ್ಚಿದರೆ ಕಾಣುವುದಿಲ್ಲ, ಗುರುಗಳೇ.”

“ಹತ್ತುವವನು ತೆರೆಯದೆ ಹತ್ತುತ್ತಾನೆಯೇ?”

ಮರುದಿನ ಪಂಪಣ್ಣ ಸಣ್ಣ ಕುಂಚ ಹಿಡಿದ. ಕಿಟಕಿಯ ರಬ್ಬರ್ ಪಟ್ಟಿ ಬಿಡಿಸಿ ಅಂಚುಗಳನ್ನು ಬಳಿದ. ನಾಲ್ಕು ಬಾಗಿಲುಗಳ ಚೌಕಟ್ಟನ್ನು ಮೂಲೆಮೂಲೆಯೂ ಬಿಡದೆ ಬಳಿದ.

“ಒಣಗುವವರೆಗೆ ಮುಚ್ಚಬೇಡ,” ಎಂದರು ಗುರು.

ನಾಲ್ಕೂ ಬಾಗಿಲು ತೆರೆದು ಕಾರು ದಡದಲ್ಲಿ ನಿಂತಿತು. ಹೊಳೆಯ ನಡುವಿನ ಬಂಡೆಯ ಮೇಲೆ ಒಂದು ನೀರುಕಾಗೆಯೂ ಹಾಗೆಯೇ ರೆಕ್ಕೆ ಹರಡಿ ನಿಂತಿತ್ತು. ಎರಡೂ ಒಣಗುತ್ತಿದ್ದವು.

ಪಂಪಣ್ಣ ಚೌಕಟ್ಟಿಗೆ ಸೋಕದಂತೆ ಒಳಗೆ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತ. ಗಾಳಿ ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಯಿತು. ಹೊಳೆಯೇ ಕಾರಿನೊಳಗೆ ಹರಿದಂತಾಯಿತು. ಕಣ್ಣು ಮುಚ್ಚಿದ. ಅಪ್ಪ ಕಾರು ನಡೆಸುತ್ತಿದ್ದರು. ತಲೆ ಅಕ್ಕನ ತೊಡೆಯ ಮೇಲಿತ್ತು. ಕಾರು ನಿಂತೇ ಇತ್ತು, ಮರಗಳು ಹೋಗುತ್ತಿದ್ದವು. “ಊರು ಬಂತೇನೇ?” ಎಂದು ಕೇಳಿದ. “ಇನ್ನೂ ಇಲ್ಲ, ಮಲಗು,” ಎಂದಳು ಅಕ್ಕ.

ಎಚ್ಚರವಾದಾಗ ಸಂಜೆ. ದನಗಳು ಮನೆಗೆ ಮರಳುತ್ತಿದ್ದವು. ಕೆಂಪು ಧೂಳೆದ್ದು ಕಾರಿನತ್ತ ತೇಲಿ ಬಂತು.

ಅವನು ಹಾರಿ ಇಳಿದು, ಬಾಗಿಲುಗಳನ್ನು ಒಂದಾದ ಮೇಲೊಂದು ಮುಚ್ಚಿದ.

ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಕಾಲು ಕೊಟ್ಟು ಎಳೆದ. ಚರ್ರೆಂದಿತು. ಬಾಗಿಲಿನ ರಬ್ಬರಿಗೆ ಅಂಟಿದ ಬಿಳಿಯ ಬಣ್ಣ ಸಿಪ್ಪೆಯಂತೆ ಕಿತ್ತು ಬಂತು. ಅಡಿಯಲ್ಲಿ ಎಲೆಹಸಿರು, ನಿನ್ನೆ ಚಿಗುರಿದಂತೆ.

ಗುರು ಬಂದು ನೋಡಿದರು.

“ಏಕೆ ಮುಚ್ಚಿದೆ?”

“ಧೂಳು ಕೂತೀತೆಂಬ ಭಯ.”

“ಮನೆ ಬಿಟ್ಟ ದಿನ?”

ಪಂಪಣ್ಣ ತಲೆ ತಗ್ಗಿಸಿದ.

“ಅಕ್ಕ ಅತ್ತಾಳೆಂಬ ಭಯ. ಅವಳು ಏಳುವ ಮೊದಲೇ ಬಾಗಿಲೆಳೆದುಕೊಂಡು ಬಂದೆ.”

“ಇಲ್ಲಿರುವೆನೆಂದು ತಿಳಿಸಿದೆಯಾ?”

“ಇಲ್ಲ.”

ಗುರು ಉಪ್ಪುಕಾಗದದ ತುಂಡನ್ನು ಅವನ ಕೈಯಲ್ಲಿಟ್ಟರು. ಅವನು ಕಿತ್ತ ಜಾಗವನ್ನೆಲ್ಲ ಉಜ್ಜಿ ನುಣುಪು ಮಾಡಿದ. ಮತ್ತೆ ಬಳಿದ. ಮುಗಿಯುವಾಗ ಮಧ್ಯಾಹ್ನ.

ಗುರು ನಾರಿನ ಹಗ್ಗ ತಂದರು. ಬಾಗಿಲುಗಳು ಮುಚ್ಚಿಕೊಳ್ಳದಂತೆ, ಬೀಸಿ ತೆರೆದುಕೊಳ್ಳದಂತೆ, ಒಂದೊಂದನ್ನೂ ಗೇಣಗಲ ಬಿಟ್ಟು ಬಿಗಿದು ಕಟ್ಟಿಸಿದರು. ತಮ್ಮ ಬಾಗಿಲನ್ನು ಕೊನೆಗೆ ಕಟ್ಟಿಸಿದರು. ಏಕೆಂದರೆ ಅಷ್ಟರಲ್ಲಿ ಮುಂದಿನ ಸೀಟಿನಲ್ಲಿ ಕುಳಿತಿದ್ದರು.

“ಗುರುಗಳೇ, ನಾಳೆ ನನ್ನ ದೀಕ್ಷೆ.”

“ಹುಣ್ಣಿಮೆ ತಿಂಗಳಿಗೊಮ್ಮೆ ಬರುತ್ತದೆ. ನಿನ್ನ ಊರು ಎಷ್ಟು ದೂರ?”

“ಹನ್ನೆರಡು ಹರಿದಾರಿ.”

ತಿಪ್ಪಮ್ಮ ರೊಟ್ಟಿಯ ಗಂಟನ್ನು ಕಿಟಕಿಯಿಂದ ಒಳಗಿಟ್ಟಳು. “ಮುಚ್ಚದ ಕಾರಿನಲ್ಲಿ ಗುರುಗಳನ್ನು ಕೂರಿಸಿಕೊಂಡು ಹೊರಟಿದ್ದೀಯ. ಮೆಲ್ಲಗೆ ನಡೆಸು, ಪುಣ್ಯಾತ್ಮ.”

ಪಂಪಣ್ಣ ತನ್ನ ಬಾಗಿಲ ಹಗ್ಗ ಸಡಿಲಿಸಿ ಒಳಗೆ ನುಸುಳಿದ. ಮತ್ತೆ ಬಿಗಿದುಕೊಂಡ. ಕೀಲಿ ಹಿಡಿದ ಕೈ ನಿಂತಿತು.

“ಅಕ್ಕ ಬಾಗಿಲು ತೆರೆಯದಿದ್ದರೆ?”

“ನಮ್ಮವು ನಾಲ್ಕೂ ತೆರೆದಿವೆ,” ಎಂದರು ಗುರು. “ಒಣಗುವವರೆಗೆ ಅಲ್ಲೇ ನಿಲ್ಲೋಣ.”