ಗಟ್ಟಿಮೇಳಕ್ಕೆ ಮೊದಲಿನ ಮೌನ

ಶಾಂಭವಿ ನದಿಯ ದಂಡೆಯಲ್ಲಿ ದೂಮಪ್ಪ ಶೇರಿಗಾರರ ಹೆಂಚಿನ ಮನೆ. ಊರವರು ತಮಾಷೆಗೆ ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಜಪವೂ ಇಲ್ಲ, ತಪವೂ ಇಲ್ಲ. ಬೆಳಕು ಹರಿದರೆ ಸಾಕು, ಸ್ಯಾಕ್ಸೋಫೋನು ಶುರು.

ಕರಾವಳಿಯ ಮದುವೆಗಳಲ್ಲಿ ಸ್ಯಾಕ್ಸೋಫೋನು ಊದುವುದು ಶೇರಿಗಾರರ ಮನೆತನದ ಕಸುಬು. ವಯಸ್ಸಾದ ಮೇಲೆ ಅವರು ಚಪ್ಪರದ ಸಹವಾಸ ಬಿಟ್ಟು, ಕಲಿಸುವುದನ್ನು ಮಾತ್ರ ಉಳಿಸಿಕೊಂಡಿದ್ದರು.

ಶಿಷ್ಯರಲ್ಲಿ ರುಕ್ಮಯನೇ ಮುಂದು. ಅದು ಅವನಿಗೂ ಗೊತ್ತಿತ್ತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು ಎನ್ನಿ.

ಮಂಗಳೂರಿನ ಒಂದು ಕಂಪನಿ ಅವನದೇ ಒಂದು ಆಲ್ಬಮ್ ಮಾಡಲು ಕರೆದಿತ್ತು. ಕಂಪನಿಯ ಧಣಿಗೆ ಜಾಝ್ ಮತ್ತು ರಾಕ್‌ನ ಹುಚ್ಚು. ಅವರ ಕೋಣೆಯ ಗೋಡೆ ತುಂಬ ಹಳೆಯ ರೆಕಾರ್ಡುಗಳ ಹೊದಿಕೆಗಳು. ಒಂದೊಂದನ್ನೂ ತೋರಿಸಿ, ಇದು ಬಂದ ಮೇಲೆ ಲೋಕದ ಗಿಟಾರಿನವರೆಲ್ಲ ಬೇರೆ ಥರ ಬಾರಿಸತೊಡಗಿದರು, ಇದು ಬಂದ ಮೇಲೆ ಡ್ರಮ್ಮಿನ ನಡೆಯೇ ಬದಲಾಯಿತು ಎಂದು ವಿವರಿಸಿದ್ದರು. ತಮಗೆ ಅಂಥದ್ದೇ ಬೇಕು, ಯಾರೂ ಊದದ್ದನ್ನು ಊದು ಎಂದಿದ್ದರು.

ಆ ಗೋಡೆಯ ನಡುವೆ ರುಕ್ಮಯ ಒಂದು ಹಳದಿ ಹೊದಿಕೆಯನ್ನು ಕಂಡು ಬೆರಗಾದ. ಅದೇ ಜಾಝ್ ರೆಕಾರ್ಡು ಗುರುಗಳ ಮನೆಯಲ್ಲೂ ಇತ್ತು. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಲಿಗೋರಿ ಎಂಬ ಗೆಳೆಯ, ಗುರುಗಳ ಹರೆಯದಲ್ಲಿ ಅಮೆರಿಕದಿಂದ ತಂದುಕೊಟ್ಟದ್ದು. ಜಾಝ್ ಎಂಬುದನ್ನೇ ತಿರುಗಿಸಿ ನಿಲ್ಲಿಸಿದ ರೆಕಾರ್ಡು ಅದು ಎಂದು ಧಣಿಗಳು ಹೇಳಿದಾಗ, ತಾನೇ ಅದನ್ನು ಊದಿದವನಂತೆ ರುಕ್ಮಯನ ಎದೆ ಉಬ್ಬಿತು.

ಗುರುಗಳು ಆ ರೆಕಾರ್ಡಿನಿಂದ ತೆಗೆದುಕೊಂಡದ್ದು ಒಂದೇ ಒಂದು ಸಂಗತಿ. ಅದರಲ್ಲಿ ವಾದಕ ಸ್ವರ ಸ್ವರವಾಗಿ ಮೇಲೆ ಹತ್ತುತ್ತಾನೆ. ಇನ್ನೇನು ತುದಿ ಮುಟ್ಟಬೇಕು, ಆಗ ನಿಂತುಬಿಡುತ್ತಾನೆ. ಜೊತೆಗಾರರೆಲ್ಲ ನಿಲ್ಲುತ್ತಾರೆ. ಆಮೇಲೆ ಕೆಳಗಿನಿಂದ ಒಂದು ಸ್ವರವನ್ನು ಬಾಗಿಸಿ, ಮೆಲ್ಲಗೆ ಎತ್ತುತ್ತಾನೆ.

ದೂಮಪ್ಪ ಶೇರಿಗಾರರು ಆ ಮೌನವನ್ನು ಮದುವೆಯ ಚಪ್ಪರಕ್ಕೆ ತಂದರು, ಅದೂ ಧಾರೆಯ ಹೊತ್ತಿಗೆ, ಗಟ್ಟಿಮೇಳಕ್ಕೆ ಸರಿಯಾಗಿ ಮೊದಲು. ಮೊದಲ ಸಲ ಗಂಡಿನ ಕಡೆಯವರು ಹೊಡೆಯಲೆಂದೇ ಎದ್ದಿದ್ದರಂತೆ. ಶುಭ ಮುಹೂರ್ತದಲ್ಲಿ ವಾದ್ಯ ನಿಲ್ಲುವುದೆಂದರೆ ಅಪಶಕುನವಲ್ಲವೇ? ಶೇರಿಗಾರರು ಬಿಡಲಿಲ್ಲ. ಅದನ್ನೇ ಇಟ್ಟುಕೊಂಡು ತಮ್ಮ ಒಂದೇ ಒಂದು ರೆಕಾರ್ಡನ್ನೂ ಮಾಡಿದರು. ಅದರ ಹೊದಿಕೆಯ ಮೇಲೆ ಅಚ್ಚಾದದ್ದು ತೆಂಗಿನ ಮರದ ಚಿತ್ರ. ಅವರ ಹೆಸರನ್ನು ಹುಡುಕಲು ಕನ್ನಡಕ ಬೇಕಿತ್ತು.

ಈಗ ರುಕ್ಮಯನ ಕಷ್ಟಕ್ಕೆ ಬರೋಣ. ಯಾರೂ ಊದದ್ದನ್ನು ಊದಬೇಕೆಂದು ಅವನು ತನ್ನ ವಾದನದಿಂದ ಗುರುಗಳನ್ನು ಕಳೆಯಂತೆ ಕೀಳತೊಡಗಿದ. ಮೊದಲು ಕಿತ್ತದ್ದು ಆ ಮೌನವನ್ನು. ಗುರುಗಳ ರೆಕಾರ್ಡು ಕೇಳಿ ಕರಾವಳಿಯ ಪ್ರತಿಯೊಬ್ಬನೂ ಈಗ ಅದನ್ನೇ ಊದುತ್ತಾನೆ, ತನಗೇಕೆ ಎಂದುಕೊಂಡ. ಆಮೇಲೆ ಆ ಬಾಗಿದ ಸ್ವರ ಹೋಯಿತು. ಕೊನೆಗೆ ಉಳಿದದ್ದು ಉಪ್ಪಿಲ್ಲದ ಗಂಜಿ.

ರೆಕಾರ್ಡಿಂಗ್ ನಾಳೆಯೇ. ತಯಾರಿಲ್ಲದಿದ್ದರೆ ಬೇರೆಯವರನ್ನು ಕರೆಯುತ್ತೇನೆ ಎಂದು ಧಣಿಗಳು ಮೊದಲೇ ಹೇಳಿದ್ದರು. ರುಕ್ಮಯ ಗುರುಗಳ ಎದುರು ಬಂದು ಕುಳಿತ.

"ಗುರುಗಳೇ, ಕಾಲಕಾಲಕ್ಕೂ ಉಳಿಯುವಂಥ ಆಲ್ಬಮ್ ಮಾಡುದು ಹೇಗೆ?"

ಗುರುಗಳು ಶಲ್ಯ ಹುಡುಕುತ್ತಿದ್ದರು.

"ಆಚೆ ದಡದಲ್ಲಿ ಒಂದು ಮದುವೆ ಉಂಟು. ಊಟಕ್ಕೆ ಹೋಗುವ, ಬಾ."

ದೋಣಿಯಲ್ಲಿ ರುಕ್ಮಯ ಮುಖ ಗಂಟಿಕ್ಕಿಕೊಂಡೇ ಕುಳಿತಿದ್ದ. ಮನೆಗೆ ಬೆಂಕಿ ಬಿದ್ದಿದೆ ಎಂದರೆ ಹೋಳಿಗೆ ತಿನ್ನಲು ಕರೆಯುವ ಗುರು ಎಲ್ಲಿಯಾದರೂ ಇದ್ದಾರೆಯೇ ಎಂದು ಅವನಿಗೆ ಒಳಗೊಳಗೇ ಸಿಟ್ಟು.

ಚಪ್ಪರದಲ್ಲಿ ವಾದ್ಯದ ತಂಡವನ್ನು ನಡೆಸುತ್ತಿದ್ದವಳು ವಾರಿಜ, ಮೂವತ್ತರ ಆಸುಪಾಸಿನ ಹೆಂಗಸು. ಸೋದರಮಾವನಿಂದ ಕಲಿತವಳು. ಉಸಿರು ಗಟ್ಟಿಯಿತ್ತು, ಕೈ ಚುರುಕಿತ್ತು. ರುಕ್ಮಯನೂ ಒಪ್ಪಲೇಬೇಕಾಯಿತು.

ಧಾರೆಯ ಹೊತ್ತು ಬಂತು. ವಾರಿಜ ಸ್ವರ ಸ್ವರವಾಗಿ ಮೇಲೆ ಹತ್ತಿ, ತುದಿಯಲ್ಲಿ ನಿಲ್ಲಿಸಿದಳು. ಡೋಲು ನಿಂತಿತು. ಚಪ್ಪರವೇ ನಿಂತಿತು. ಆ ಮೌನದಲ್ಲಿ, ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಮದುಮಗಳು ಮುಖ ಎತ್ತಿ ಮದುಮಗನನ್ನು ನೋಡಿದಳು. ಆಗ ಕೆಳಗಿನಿಂದ ಆ ಬಾಗಿದ ಸ್ವರ ಬಂತು, ಹಿಂದೆಯೇ ಗಟ್ಟಿಮೇಳ, ಅಕ್ಷತೆಯ ಮಳೆ.

ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡು, ವಾದ್ಯ ನಿಂತಾಗ ಹುಡುಗಿ ನೋಡದಿದ್ದರೆ ಮದುವೆ ಆದಂತಲ್ಲ, ಇದು ನಮ್ಮ ಹಿರಿಯರ ಕಾಲದ ಶಾಸ್ತ್ರ ಎಂದಳು. ಗುರುಗಳು ಕಿವಿ ಕೇಳಿಸದವರ ಹಾಗೆ ನಟಿಸಿ, ಅವಳಿಂದ ಆ ಮಾತನ್ನು ಇನ್ನೊಮ್ಮೆ ಹೇಳಿಸಿದರು.

ಊಟವಾದ ಮೇಲೆ ಅವರು, ಕೊನೆಯ ಪಂಕ್ತಿಗೆ ಕಾಯುತ್ತ ಕುಳಿತಿದ್ದ ವಾರಿಜಳ ಬಳಿ ಹೋಗಿ, ತಾನೂ ಸ್ವಲ್ಪ ಊದುವವನು, ಒಮ್ಮೆ ಕೊಡುತ್ತೀಯಾ ಎಂದು ಕೇಳಿದರು. ತಂಡದಲ್ಲಿ ಇನ್ನೊಂದು ಸ್ಯಾಕ್ಸೋಫೋನು ಇತ್ತು. ಅವಳು ಅದನ್ನು ಒರೆಸಿ ಕೊಟ್ಟಳು.

ಗುರುಗಳು ಅದೇ ಸಂಗತಿಯನ್ನು ಊದಿದರು. ಮೇಲೆ ಹತ್ತಿದರು. ನಿಂತರು. ಬೆರಳ ತುದಿಯಲ್ಲಿ ಡೋಲಿನ ಒಂದು ಸುತ್ತು ಎಣಿಸಿ, ಕೆಳಗಿನಿಂದ ಸ್ವರ ಎತ್ತಿದರು. ತಮ್ಮ ರೆಕಾರ್ಡಿನಲ್ಲಿ ಊದಿದ ಹಾಗೆಯೇ, ಕೂದಲೆಳೆಯ ವ್ಯತ್ಯಾಸವಿಲ್ಲದೆ.

ವಾರಿಜ ಗೌರವದಿಂದಲೇ ಕೇಳಿದಳು.

"ಚಂದ ಊದ್ತೀರಿ ಅಜ್ಜ. ಆದ್ರೆ ಬೇಗ ಬಂದ್ರಿ."

"ಡೋಲಿನ ಒಂದು ಸುತ್ತು ಬಿಟ್ಟೆನಲ್ಲ ಮಗಾ?"

"ಅದು ಸುತ್ತು ಎಣಿಸುದಲ್ಲ. ಹುಡುಗಿ ಮುಖ ಎತ್ತುವವರೆಗೆ ಕಾಯ್ಬೇಕು. ಕೆಲವರು ತಟ್ಟಂತ ಎತ್ತುತ್ತಾರೆ, ಕೆಲವರಿಗೆ ಹೊತ್ತು ಬೇಕು. ಅವಳು ನೋಡಿದ ಮೇಲೆಯೇ ಸ್ವರ."

ರುಕ್ಮಯನಿಗೆ ಸಿಟ್ಟು ನೆತ್ತಿಗೇರಿತು. ಯಾರಿಗೆ ಪಾಠ ಹೇಳುತ್ತಿದ್ದೀರಿ ಗೊತ್ತುಂಟಾ ಎನ್ನಲು ಬಾಯಿ ತೆರೆದ. ಗುರುಗಳು ಅವನ ಕಾಲನ್ನು ಜೋರಾಗಿಯೇ ತುಳಿದರು.

ಮತ್ತೆ ಊದಿದರು. ಈ ಸಲ ತುದಿಯಲ್ಲಿ ನಿಂತು, ಖಾಲಿಯಾದ ಮಂಟಪದ ಕಡೆ ನೋಡಿದರು. ಎಣಿಸಲಿಲ್ಲ. ಅಲ್ಲಿ ಯಾರೋ ತಲೆ ತಗ್ಗಿಸಿ ನಿಂತಿದ್ದಾರೆ ಎಂಬಂತೆ ಕಾದರು. ಆಮೇಲೆ ಸ್ವರ ಬಂತು.

ಗುರುಗಳ ಒಂದೊಂದು ಉಸಿರನ್ನೂ ಬಲ್ಲವನು ರುಕ್ಮಯ. ಈ ಉಸಿರನ್ನು ಮಾತ್ರ ಎಂದೂ ಕೇಳಿರಲಿಲ್ಲ.

"ಈಗ ಸರಿ ಆಯ್ತು," ಎಂದಳು ವಾರಿಜ, ಮತ್ತು ಪಾಯಸ ಆರುತ್ತದೆಂದು ಎದ್ದು ಹೋದಳು.

ದೋಣಿ ಈಚೆ ದಡಕ್ಕೆ ಹೊರಟಿತು. ನಡುನೀರಿನವರೆಗೆ ತಡೆದುಕೊಂಡಿದ್ದ ರುಕ್ಮಯನಿಗೆ ಆಮೇಲೆ ಆಗಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನದೋ ದುಃಖದ್ದೋ ಅವನಿಗೇ ತಿಳಿಯದು.

"ನಿಮ್ಮ ಹೆಸರು ಒಬ್ಬರಿಗೂ ಗೊತ್ತಿಲ್ಲ. ನಿಮ್ಮದನ್ನು ನಿಮಗೇ ತಿದ್ದಿದಳು. ನಿಮಗೆ ಎಂತದೂ ಅನಿಸುದಿಲ್ವಾ?"

ಗುರುಗಳು ನಕ್ಕರು. ಸುಕ್ಕುಗಟ್ಟಿದ ಮುಖ ತುಂಬ ಹೆಮ್ಮೆ. ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

"ಅನಿಸದೆ ಎಂತ ಮಾರಾಯ? ಅಂದು ನನ್ನನ್ನು ಹೊಡೀಲಿಕ್ಕೆ ಬಂದವರು ಈ ಮದುವೆಮನೆಯವರ ಅಜ್ಜಂದಿರೇ. ಇವತ್ತು ಆ ಅಜ್ಜಿ ಎಂತ ಹೇಳಿದಳು, ಕೇಳಿದ್ದಿಯಲ್ಲ? ಜೀವ ಇರುವಾಗಲೇ ನಾನು ಶಾಸ್ತ್ರ ಆಗಿಬಿಟ್ಟೆ. ನನ್ನೊಟ್ಟಿಗೆ ಆ ರೆಕಾರ್ಡು ಊದಿದ ಅಮೆರಿಕದ ಪುಣ್ಯಾತ್ಮನೂ ಆದ. ಅವನಿಗೆ ಹೇಳಿ ಕಳಿಸ್ಲಿಕ್ಕೆ ಆಗುದಿಲ್ಲ, ಅದೊಂದೇ ಬೇಜಾರು."

ಹುಟ್ಟು ನೀರಿಗೆ ಬೀಳುತ್ತಿತ್ತು, ಏಳುತ್ತಿತ್ತು. ಧಣಿಗಳ ಗೋಡೆಯ ಮೇಲಿನ ಹೊದಿಕೆಗಳು ಒಂದೊಂದಾಗಿ ರುಕ್ಮಯನ ಕಣ್ಣಿಗೆ ಬಂದವು. ಆ ರೆಕಾರ್ಡುಗಳಲ್ಲಿ ಊದಿದವರು, ಬಾರಿಸಿದವರು ಯಾರ ಯಾರ ಮಡಿಲಿನಿಂದ ಎಷ್ಟೆಷ್ಟು ಎತ್ತಿಕೊಂಡಿದ್ದರೋ ಎಂದು ಮೊದಲ ಬಾರಿಗೆ ಯೋಚಿಸಿದ. ತಾನು ಕಿತ್ತೆಸೆದದ್ದರ ನೆನಪಾಗಿ ನಾಚಿಕೆಯಾಯಿತು.

ದಡ ಹತ್ತಿರವಾದಾಗ ಕೇಳಿದ. ಈ ಸಲ ಅವನ ದನಿ ಸಣ್ಣದಾಗಿತ್ತು.

"ನಾಳೆ ನಾನು ಎಲ್ಲಿಂದ ಶುರು ಮಾಡ್ಲಿ, ಗುರುಗಳೇ?"

ದೂಮಪ್ಪ ಶೇರಿಗಾರರು ಪಂಚೆ ಎತ್ತಿಕಟ್ಟಿ, ಮೊಣಕಾಲುದ್ದದ ನೀರಿಗೆ ಇಳಿದರು.

"ಆ ಹುಡುಗಿ ನನ್ನನ್ನು ತಿದ್ದಿದಳಲ್ಲ, ಅಲ್ಲಿಂದ."