ಕಳ್ಳಿಹಾಲಿಗೆ ಮದ್ದು

"ಗುರುಗಳೇ, ಮಠಕ್ಕೆ ಬಂದು ಬೀಳುವ ಓಲೆಗರಿಗಳಿಗೆ ಪಟ್ಟಿ ಬರೆಯುತ್ತಿದ್ದೇನೆ. ಹತ್ತು ಗರಿ ಪಟ್ಟಿಗೆ ಸೇರಿಸುವಷ್ಟರಲ್ಲಿ ಇಪ್ಪತ್ತು ಬಂದಿರುತ್ತವೆ. ಬೇಕಾದದ್ದು ಬೇಕಾದ ಹೊತ್ತಿಗೆ ಸಿಗದೆ ಹೋದರೆ ಏನು ಗತಿ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಗುಣವಾಗಿ ಹೋಗುವವರು ತಮ್ಮ ಊರ ಕಡೆಯ ಒಂದು ಮದ್ದನ್ನು ಅವನಿಗೆ ಹೇಳಿ ಹೋಗಬೇಕು. ಅವನು ಅದನ್ನು ಗರಿಯ ಮೇಲೆ ಬರೆದಿಡಬೇಕು. ಅದು ಆ ಮನೆಯ ಪದ್ಧತಿ. ಅಜ್ಜನ ಕಾಲಕ್ಕೆ ಇದ್ದದ್ದು ಒಂದೇ ಕಟ್ಟು. ಅಜ್ಜ ಕಣ್ಣು ಮುಚ್ಚಿಕೊಂಡು ಬೇಕಾದ ಗರಿ ಎಳೆಯುತ್ತಿದ್ದ. ಮೊಮ್ಮಗನ ಕಾಲಕ್ಕೆ ಅಟ್ಟ ತುಂಬಿ ಕಟ್ಟುಗಳು ನಡುಮನೆಗೆ ಇಳಿದವು. ವೈದ್ಯ ಪಟ್ಟಿ ಮಾಡಹೊರಟ. ಪಟ್ಟಿಯೇ ಏಳು ಕಟ್ಟಾಯಿತು. ಯಾವುದರಲ್ಲಿ ಏನಿದೆಯೋ ಎಂಬ ದಿಗಿಲಿಗೆ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಆದರೂ ಬರೆಯುವುದನ್ನು ಬಿಡಲಿಲ್ಲ. ಸುತ್ತ ಏಳೂರಲ್ಲಿ ತನ್ನಷ್ಟು ಬಲ್ಲವರಿಲ್ಲ ಎಂಬ ಜಂಬ ಬೇರೆ!

ಒಂದು ಬೆಳಿಗ್ಗೆ ಅವನ ಪುಟ್ಟ ಮಗಳು ಆಡುತ್ತಾ ಬೇಲಿಯ ಕಳ್ಳಿ ಮುರಿದಳು. ಹಾಲು ಎರಡೂ ಕಣ್ಣಿಗೆ ಸಿಡಿಯಿತು. ಇದಕ್ಕೆ ಮದ್ದು ತನ್ನಲ್ಲಿದೆ ಎಂದು ವೈದ್ಯನಿಗೆ ಗೊತ್ತು. ಕುರಿ ಕಾಯುವ ಒಬ್ಬ ಹೆಂಗಸು ಹೇಳಿದ್ದಳು, ತಾನೇ ಬರೆದಿದ್ದ. ಹೊತ್ತು ಮೀರಿದರೆ ಕಣ್ಣು ಹೋಗುತ್ತದೆ ಎಂದೂ ಅವಳು ಹೇಳಿದ್ದಳು. ಒಂದು ಕಟ್ಟು ಬಿಚ್ಚಿದ, ಇನ್ನೊಂದು ಬಿಚ್ಚಿದ. ಬಿಡದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದ.

ಆಗ ಅದೇ ಹೆಂಗಸು ಬಾಗಿಲಿಗೆ ಬಂದಳು. "ಅಯ್ಯಾ, ಕಾಲಿನ ಹುಣ್ಣು ಮಾಯ್ತು. ಇನ್ನೊಂದು ಮದ್ದು ಹೇಳಿ ಹೋಗೋಣ ಅಂತ ಬಂದೆ."

"ಈಗ ಮಾತಾಡಿಸಬೇಡ ತಾಯಿ, ಹುಡುಕ್ತಿದ್ದೀನಿ. ಜಗಲಿ ಮೇಲೆ ಕೂತಿರು," ಎಂದ ವೈದ್ಯ. ತಲೆ ಎತ್ತಿ ನೋಡಲೂ ಇಲ್ಲ.

ಒಳಗೆ ಮಗು ಅಳುತ್ತಿತ್ತು. ವೈದ್ಯರ ಮನೆಯಲ್ಲಿ ಮಕ್ಕಳು ಅಳುವುದು ಹೊಸದೇ ಎಂದುಕೊಂಡು ಅವಳು ಸುಮ್ಮನೆ ಕೂತಳು. ಇಳಿಹೊತ್ತಾದಾಗ ಬೇಸತ್ತು, "ಏನು ಹುಡುಕ್ತಿದ್ದೀರಿ ಅಯ್ಯಾ?" ಎಂದು ಕೇಳಿದಳು. ಅವನು ಹೇಳಿದ. ಅವಳು ಬಾಯಿ ಬಡಿದುಕೊಂಡು ಓಡಿದಳು. ಅದೇ ಬೇಲಿಯ ಬುಡದಿಂದ ಸೊಪ್ಪು ಕಿತ್ತು ತಂದು ಮಗುವಿನ ಕಣ್ಣಿಗೆ ಹಿಂಡಿದಳು. ಒಂದು ಕಣ್ಣು ಉಳಿಯಿತು. ಇನ್ನೊಂದು ಆಗಲೇ ಹೋಗಿತ್ತು.

ಶಿಷ್ಯ ಕೇಳಿದ: "ಆಮೇಲಾದರೂ ಅವನಿಗೆ ಬುದ್ಧಿ ಬಂತೇ, ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡುತ್ತಾ ಹೇಳಿದರು: "ಅವಳು ತಂದ ಸೊಪ್ಪು ಯಾವುದೆಂದು ಮರೆತುಹೋದೀತೆಂದು, ಆ ಸಂಜೆಯೇ ಇನ್ನೊಂದು ಗರಿಯಲ್ಲಿ ಬರೆದು ಕಟ್ಟಿಗೆ ಸೇರಿಸಿದ."